ದರ್ಜಿ ವಿಠೋಬಣ್ಣ ಕೊಂಡ ಆಯಿಲ್

ಗಜೇಂದ್ರಗಡದ ಬಜಾರಿನಲ್ಲಿ ವಿಠೋಬಣ್ಣ ಎಂಬ ದರ್ಜಿಯಿದ್ದ. ಅವನಿಗೊಂದು ವಿಚಿತ್ರ ಆಸೆಯಿತ್ತು. ಮಗಳು ತನ್ನನ್ನು ಒಮ್ಮೆಯಾದರೂ ಬಾಯಿ ತುಂಬ ಬೈಯಬೇಕು ಎಂಬುದೇ ಆ ಆಸೆ.

ನಗಬೇಡಿ. ದಿನಬೆಳಗಾದರೆ ಮಕ್ಕಳ ಕೈಲಿ ಬೈಸಿಕೊಳ್ಳುವ ಅಪ್ಪಂದಿರಿಗೆ ಇದು ಹುಚ್ಚು ಎನಿಸಬಹುದು. ಆ ಭಾಗ್ಯ ಇಲ್ಲದವನಿಗೆ ಮಾತ್ರ ಅದರ ಬೆಲೆ ಗೊತ್ತು.

ವೈಜಯಂತಿ ಅವನಿಗೆ ಹುಟ್ಟಿದ ಮಗಳಲ್ಲ. ಅವಳ ತಂದೆ ಗೋವಿಂದ ಲೈನ್‌ಮನ್ ಆಗಿದ್ದವನು, ಅವಳು ಚಿಕ್ಕವಳಿದ್ದಾಗಲೇ ಜ್ವರದಲ್ಲಿ ತೀರಿಕೊಂಡ. ತಾಯಿ ಕಮಲಾಬಾಯಿ ವಿಠೋಬಣ್ಣನ ಅಂಗಡಿಯಿಂದ ಸೀರೆ ಒಯ್ದು ಫಾಲ್ ಹಚ್ಚಿಕೊಟ್ಟು ಹೇಗೋ ಹೊಟ್ಟೆ ಹೊರೆದಳು. ವಿಠೋಬಣ್ಣನೂ ಒಂಟಿ. ಹಿರಿಯರು ಮಾತಾಡಿ ಇಬ್ಬರಿಗೂ ಮದುವೆ ಮಾಡಿಸಿದರು. ಅಂಗಡಿಗೆ ಬಂದಾಗಲೆಲ್ಲ ಅವನನ್ನು ‘ಕಾಕಾ’ ಎನ್ನುತ್ತಿದ್ದ ಹುಡುಗಿ ಒಂದೇ ಮನೆಗೆ ಬಂದ ಮೇಲೂ ಹಾಗೇ ಕರೆದಳು. ಅದಕ್ಕೆ ಅವನು ಬೇಸರಪಟ್ಟುಕೊಳ್ಳಲಿಲ್ಲ. ಹೆಸರಿನಲ್ಲೇನಿದೆ ಎಂದುಕೊಂಡ.

ಬೇಸರವಾಗುತ್ತಿದ್ದುದು ಬೇರೆಯದಕ್ಕೆ. ಆ ಹುಡುಗಿ ಅವನನ್ನು ಏನನ್ನೂ ಕೇಳುತ್ತಿರಲಿಲ್ಲ. ಜಾತ್ರೆಗೆ ದುಡ್ಡು ಕೇಳಲಿಲ್ಲ, ಹೊಸ ಚಪ್ಪಲಿ ಕೇಳಲಿಲ್ಲ. ‘ಹೌದ್ರಿ ಕಾಕಾ’, ‘ಆತ್ರಿ ಕಾಕಾ’ ಎಂಬ ಎರಡು ಮಾತಿನಲ್ಲಿ ವರ್ಷಗಳೇ ಉರುಳಿದವು. ಜಗಳವಿಲ್ಲ, ಹಟವಿಲ್ಲ, ಮುನಿಸಿಲ್ಲ. ಆ ಮನೆಯ ಮಾತುಕತೆ ಬೆಣ್ಣೆಯಲ್ಲಿ ಕೂದಲು ತೆಗೆದಂತೆ ನಡೆಯುತ್ತಿತ್ತು. ನೋಡಿದವರು, ‘ಎಷ್ಟು ಹೊಂದಿಕೊಂಡು ಹೋಗ್ಯಾರ ನೋಡ್ರಿ’ ಎಂದು ಹೊಗಳುತ್ತಿದ್ದರು. ಹೊಗಳಿಸಿಕೊಂಡ ವಿಠೋಬಣ್ಣ ಒಳಗೊಳಗೇ ಕೊರಗುತ್ತಿದ್ದ.

ಅವಳು ಹೈಸ್ಕೂಲಿಗೆ ಸೇರಿದ ವರ್ಷ ಅವನೇ ಕೂತು ಸಮವಸ್ತ್ರ ಹೊಲಿದುಕೊಟ್ಟಿದ್ದ. ಹಳೆಯ ಅಂಗಿಯ ಅಳತೆ ಹಿಡಿದು ಕತ್ತರಿಸಿದ್ದರಿಂದ ತೋಳು ಬಿಗಿಯಾಗಿತ್ತು. ‘ಹೆಂಗೈತವ್ವಾ?’ ಎಂದು ಕೇಳಿದರೆ, ‘ಚಲೋ ಆಗೇತ್ರಿ ಕಾಕಾ’ ಎಂದಳು. ವರ್ಷವಿಡೀ ಅದನ್ನೇ ಹಾಕಿಕೊಂಡು ಹೋದಳು. ಪರೀಕ್ಷೆ ಮುಗಿಯುವ ಹೊತ್ತಿಗೆ ಒಂದು ದಿನ ಅವಳ ತೋಳಿನ ಮೇಲೆ ಹೊಲಿಗೆಯ ಕೆಂಪು ಬರೆ ಅವನ ಕಣ್ಣಿಗೆ ಬಿತ್ತು. ಊರಿಗೆಲ್ಲ ಅಳತೆ ತೆಗೆಯುವ ದರ್ಜಿ ಮನೆಯ ಮಗಳ ಅಳತೆ ತಪ್ಪಿದ್ದ. ಆ ಮಾತು ಅವನೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ.

ಎದುರಿನ ಬಳೆ ಅಂಗಡಿಯ ಹುಸೇನಸಾಬನ ಮಗಳು ಮಧ್ಯಾಹ್ನ ಬುತ್ತಿ ತಂದವಳೇ, ‘ಅಬ್ಬಾ, ನಿಮಗ ಎಷ್ಟ್ ಸಲ ಹೇಳೂದು! ಮತ್ತ ಗುಳಿಗಿ ಮರೆತು ಬಂದೀರಿ!’ ಎಂದು ಬಜಾರಿಗೆಲ್ಲ ಕೇಳುವಂತೆ ದಬಾಯಿಸುತ್ತಿದ್ದಳು. ಹುಸೇನಸಾಬ ಹಲ್ಲು ಕಿರಿಯುತ್ತ ಕೂಡುತ್ತಿದ್ದ. ವಿಠೋಬಣ್ಣ ಸೂಜಿಗೆ ದಾರ ಪೋಣಿಸುವುದನ್ನೂ ಮರೆತು ಅತ್ತಲೇ ನೋಡುತ್ತಿದ್ದ. ತನಗೂ ಯಾರಾದರೂ ಹಾಗೆ ಹೇಳುವವರಿರಬೇಕಿತ್ತು ಎಂದು ಅವನ ಜೀವ ಹಂಬಲಿಸುತ್ತಿತ್ತು.

ವೈಜಯಂತಿ ಓದಿ ಮುಗಿಸಿ ದನಗಳಿಗೆ ಲಸಿಕೆ ಹಾಕುವ ನೌಕರಿ ಹಿಡಿದಳು. ಹಳ್ಳಿಹಳ್ಳಿ ತಿರುಗಬೇಕು. ತನ್ನ ಪಗಾರದಿಂದಲೇ ಹೊಸ ಬೈಕ್ ಕೊಂಡಳು. ಸ್ಕೂಟಿ ಅಲ್ಲ, ಗೇರಿನ ಬೈಕೇ ಬೇಕೆಂದಳು. ಅದರ ಮರ್ಮ ಕಮಲಾಬಾಯಿ ಗಂಡನಿಗೆ ಮೆಲ್ಲಗೆ ಹೇಳಿದಳು: ಗೋವಿಂದನಿಗೆ ಅಂಥದೇ ಬೈಕ್ ಇತ್ತು, ಭಾನುವಾರ ಬಂತೆಂದರೆ ಅಂಗಳದಲ್ಲಿ ತಾನೇ ಅದರ ಆಯಿಲ್ ಬದಲಾಯಿಸುತ್ತಿದ್ದ ಇಲ್ಲವೇ ಏನಾದರೂ ಬಿಚ್ಚಿಕೊಂಡು ಕೂಡುತ್ತಿದ್ದ, ಪುಟ್ಟ ಹುಡುಗಿ ಎರಡೂ ಕೈಯಲ್ಲಿ ತಗಡಿನ ಲಾಳಿಕೆ ಹಿಡಿದು ನಿಲ್ಲುತ್ತಿದ್ದಳು, ಅಪ್ಪ ಅದರೊಳಗೆ ಆಯಿಲ್ ಸುರಿಯುತ್ತಿದ್ದ. ಬೈಕ್ ಎಂದೋ ಮಾರಿಹೋಗಿತ್ತು. ಲಾಳಿಕೆ ಮಾತ್ರ ಹಿತ್ತಲ ಗೋಡೆಯ ಮೊಳೆಗೆ ಈಗಲೂ ತೂಗುತ್ತಿತ್ತು. ವಿಠೋಬಣ್ಣ ಅದನ್ನು ಒಂದು ದಿನವೂ ಮುಟ್ಟಿರಲಿಲ್ಲ.

ಪ್ರತಿ ಭಾನುವಾರ ಬೆಳಿಗ್ಗೆ ವೈಜಯಂತಿ ಹೊಸ ಬೈಕನ್ನು ಒರೆಸುತ್ತಿದ್ದಳು. ಒರೆಸಿದ್ದನ್ನೇ ಮತ್ತೆ ಒರೆಸುತ್ತಿದ್ದಳು. ಆಮೇಲೆ ಅರಿವೆ ಕೈಯಲ್ಲಿ ಹಿಡಿದು ಎಂಜಿನ್ನನ್ನೇ ನೋಡುತ್ತ ಕುಳಿತುಬಿಡುತ್ತಿದ್ದಳು. ಅವಳಿಗೆ ಅಪ್ಪನ ನೆನಪಾಗುತ್ತಿದೆ ಎಂದು ವಿಠೋಬಣ್ಣನಿಗೆ ತಿಳಿಯುತ್ತಿತ್ತು. ಅವಳ ಪಕ್ಕದಲ್ಲಿ ಹೋಗಿ ಕೂಡಬೇಕೆನಿಸುತ್ತಿತ್ತು. ಯಾವ ನೆಪದಿಂದ ಹೋಗಿ ಕೂಡುವುದು?

ಒಂದು ದಿನ ತಾಯಿ ಮಗಳ ಮಾತು ಅವನ ಕಿವಿಗೆ ಬಿತ್ತು.

‘ಅವ್ವಾ, ಫ್ರೀ ಸರ್ವಿಸ್ ಎಲ್ಲಾ ಮುಗದಾವು. ಇನ್ನ ಆಯಿಲ್ ಮನ್ಯಾಗ ಬದಲಿ ಮಾಡಿದ್ರೂ ವಾರಂಟಿ ಹೋಗೂದಿಲ್ಲಂತ ಕಂಪನಿಯವ್ರು ಹೇಳ್ಯಾರ. ಅವ್ರು ಹೇಳಿದ ಆಯಿಲ್ ಇರಬೇಕು, ಫಿಲ್ಟರ್ ಅಸಲಿ ಇರಬೇಕು, ಬಿಲ್ ಜ್ವಾಕಿ ಇಡಬೇಕು, ಅಷ್ಟ.’

ಅಷ್ಟು ಕೇಳಿದ್ದೇ ತಡ, ವಿಠೋಬಣ್ಣನಿಗೆ ನೆಪ ಸಿಕ್ಕಿತು. ಆಯಿಲ್ ನಾನು ತರುತ್ತೇನೆ, ನಾನೇ ಹಾಕುತ್ತೇನೆ, ಅವಳ ಅಪ್ಪ ಮಾಡುತ್ತಿದ್ದುದನ್ನು ನಾನು ಮಾಡಿ ತೋರಿಸುತ್ತೇನೆ ಎಂದುಕೊಂಡ. ಯಾವ ಆಯಿಲ್ ಒಳ್ಳೆಯದೆಂದು ಬಸ್ ನಿಲ್ದಾಣದಲ್ಲಿ ಡ್ರೈವರುಗಳನ್ನು ಕೇಳಿದ. ಚಹಾದಂಗಡಿಯಲ್ಲಿ ಕೇಳಿದ. ಪ್ಯಾಂಟು ಹೊಲಿಸಲು ಬಂದ ಗಿರಾಕಿಗಳನ್ನು ಅವರ ಸೊಂಟಕ್ಕೆ ಟೇಪು ಸುತ್ತುತ್ತಲೇ ಕೇಳಿದ. ಮನೆಯಲ್ಲಿ ಮಾತ್ರ ಕೇಳಲಿಲ್ಲ. ಕೇಳಿದರೆ ಗುಟ್ಟು ರಟ್ಟಾಗುತ್ತದಲ್ಲ! ಅಲ್ಲದೆ ಆ ಮನೆಯಲ್ಲಿ ಒಬ್ಬರನ್ನೊಬ್ಬರು ಕೇಳುವ ರೂಢಿಯೇ ಇರಲಿಲ್ಲ.

ಕೊನೆಗೆ ವೀರೇಶಪ್ಪನ ಬಿಡಿಭಾಗದ ಅಂಗಡಿಗೆ ಹೋದ. ವೀರೇಶಪ್ಪ ಬೈಕಿನ ಹೆಸರು ಕೇಳಿ, ಆ ಕಂಪನಿಯ ಫಿಲ್ಟರನ್ನೂ ಬೈಕಿನ ಆಯಿಲ್ ಡಬ್ಬಿಯನ್ನೂ ತಂದಿಟ್ಟ. ಸಾದಾ ಡಬ್ಬಿ. ವಿಠೋಬಣ್ಣನಿಗೆ ಮನಸ್ಸು ಬರಲಿಲ್ಲ.

‘ಇದಕ್ಕಿಂತ ಮ್ಯಾಲಿಂದು ತೋರಸ್ರಿ.’

‘ಮ್ಯಾಲಿಂದು ಐತಿ, ಆದ್ರ ಅದು ಕಾರಿಂದು.’

ಬಂಗಾರದ ಬಣ್ಣದ ಡಬ್ಬಿ. ಪಕ್ಕದಲ್ಲಿ ತೆರೆದಿದ್ದ ಅದೇ ಆಯಿಲ್‌ನ ಒಂದು ಹನಿಯನ್ನು ವಿಠೋಬಣ್ಣ ಬೆರಳಿಗೆ ಹಚ್ಚಿಕೊಂಡು ತಿಕ್ಕಿ ನೋಡಿದ. ಹೊಲಿಗೆ ಮಷೀನಿಗೆ ನಿತ್ಯ ಎಣ್ಣೆ ಬಿಡುವ ಕೈ ಅದು. ಮಷೀನಿನ ಎಣ್ಣೆ ತೆಳ್ಳಗಿರಬೇಕು, ಬೆರಳಲ್ಲಿ ನಿಲ್ಲದೆ ಜಾರಬೇಕು. ಎಷ್ಟು ಜಾರಿದರೆ ಅಷ್ಟು ಒಳ್ಳೆಯದು. ಸಾದಾ ಡಬ್ಬಿಯದನ್ನೂ ತಿಕ್ಕಿ ನೋಡಿದ. ಎರಡಕ್ಕೂ ಎಲ್ಲಿಂದೆಲ್ಲಿಯ ಹೋಲಿಕೆ!

‘ಇದು ಬರೊಬ್ಬರಿ ರೇಷ್ಮಿ ಐತಿ ನೋಡ್ರಿ. ಇದನ್ನ ಕೊಡ್ರಿ.’

‘ಅಣ್ಣಾರ, ಬೈಕಿಗೆ ಇದನ್ನ ಹಾಕೂದಿಲ್ಲ. ಗಾಡಿ ಬುಕ್ಕಿನ್ಯಾಗ ಯಾವ ಆಯಿಲ್ ಬರದಾರ ನೋಡಬೇಕು. ಮನ್ಯಾಗ ಒಮ್ಮೆ ಮಗಳನ್ನ ಕೇಳ್ರಿ.’

‘ಕಾರಿಗೇ ನಡಿಯೂದು ಬೈಕಿಗೆ ನಡಿಯೂದಿಲ್ಲೇನ್ರಿ? ತುಟ್ಟಿ ಮಾಲು ಎಲ್ಲೇರ ಕೆಡಕ ಮಾಡತೈತೇನು?’ ಎಂದು ವಿಠೋಬಣ್ಣ ನಕ್ಕ. ವೀರೇಶಪ್ಪ ತಲೆ ಕೆರೆದುಕೊಂಡು ಡಬ್ಬಿ ಕೊಟ್ಟ.

ವೈಜಯಂತಿ ಬಸ್ಸಿನಲ್ಲಿ ಜಿಲ್ಲಾ ಕಚೇರಿಯ ಸಭೆಗೆ ಹೋದ ದಿನ ವಿಠೋಬಣ್ಣ ಅಂಗಡಿ ಮುಚ್ಚಿದ. ವೀರೇಶಪ್ಪ ಹೇಳಿಕೊಟ್ಟಂತೆ ಹಳೆಯ ಆಯಿಲನ್ನು ಬೋಗುಣಿಗೆ ಇಳಿಸಿದ, ಫಿಲ್ಟರ್ ಬದಲಾಯಿಸಿದ. ಮಷೀನು ಬಿಚ್ಚಿ ಕೂಡಿಸುವ ಕೈಗೆ ಅದು ಕಷ್ಟವಾಗಲಿಲ್ಲ. ಆಯಿಲ್ ಸುರಿಯುವಾಗ ಮಾತ್ರ ಗೋಡೆಯ ಮೇಲಿನ ಲಾಳಿಕೆಯತ್ತ ಕಣ್ಣು ಹೋಯಿತು. ತೆಗೆದುಕೊಳ್ಳಲು ಧೈರ್ಯ ಬರಲಿಲ್ಲ. ರಟ್ಟು ಸುರುಳಿ ಸುತ್ತಿ ಅದರಿಂದಲೇ ಸುರಿದ.

ಸಂಜೆ ಅವಳು ಬಂದಾಗ ಬಾಗಿಲಲ್ಲೇ ನಿಂತು ಹೇಳಿದ: ‘ನಿನ್ನ ಗಾಡಿ ಆಯಿಲ್ ಬದಲಿ ಮಾಡೀನವ್ವಾ. ಫಿಲ್ಟರೂ ಹೊಸಾದು. ಬಿಲ್ ಇಟ್ಟೀನಿ ಮತ್ತ.’

ಅವಳ ಮುಖ ಒಂದು ಗಳಿಗೆ ಬಾಡಿತು. ವಿಠೋಬಣ್ಣ ಅದನ್ನು ಕಂಡ. ಮರುಗಳಿಗೆಯಲ್ಲೇ ಅವಳು ನಕ್ಕು, ‘ಚಲೋ ಆತ್ರಿ ಕಾಕಾ’ ಎಂದಳು. ಬಿಗಿ ತೋಳಿನ ಅಂಗಿ ಹಾಕಿಕೊಂಡಾಗ ಹೇಳಿದ ಅದೇ ದನಿ. ಅವನಿಗೆ ಅನುಮಾನ ಬಂತು.

ಕೆಲವು ದಿನ ಬೈಕು ಚೆನ್ನಾಗಿಯೇ ಓಡಿತು. ಆಮೇಲೊಂದು ಮಧ್ಯಾಹ್ನ ವೈಜಯಂತಿ ಲಸಿಕೆಯ ಐಸ್ ಪೆಟ್ಟಿಗೆ ಕಟ್ಟಿಕೊಂಡು ಗುಡ್ಡದ ಏರು ಹತ್ತುತ್ತಿದ್ದಾಗ ಎಂಜಿನ್ ಗುಂಯ್ ಎಂದು ಒದರತೊಡಗಿತು. ಎಷ್ಟು ಎಕ್ಸಲರೇಟರ್ ಕೊಟ್ಟರೂ ಬರೀ ಸದ್ದು. ಗಾಡಿ ಮುಂದೆ ಹೋಗದು. ಅವಳು ಇಳಿದು, ಬಿಸಿಲಲ್ಲಿ ಪೆಟ್ಟಿಗೆ ಹೆಗಲಿಗೇರಿಸಿ ಹಳ್ಳಿಗೆ ನಡೆದು ಹೋದಳು. ಕೆಲಸ ಮುಗಿಸಿ ಬಂದು ಬೈಕನ್ನು ಇಳಿಜಾರಿನಲ್ಲಿ ಮೆಲ್ಲಗೆ ಇಳಿಸಿಕೊಂಡು, ಬಯಲಿನಲ್ಲಿ ದೂಡಿಕೊಂಡು ಮನೆಗೆ ತಂದಳು. ಕಾಲೆಲ್ಲ ಕೆಂಧೂಳು.

‘ಏನಾತವ್ವಾ?’

‘ಏನಿಲ್ರಿ ಕಾಕಾ. ಸ್ವಲ್ಪ ತ್ರಾಸ ಕೊಡಾಕತ್ತೈತಿ.’

ಮರುದಿನದಿಂದ ಬಸ್ಸಿಗೆ ಹೋಗತೊಡಗಿದಳು. ಬಸ್ ಹೋಗದ ಹಳ್ಳಿಗಳಿಗೆ ನಡೆದಳು. ಬೈಕು ಅಂಗಳದಲ್ಲಿ ನಿಂತಿತು. ಊಟಕ್ಕೆ ಕೂತಾಗ, ‘ಪಲ್ಯ ನೀಡಲೇನ್ರಿ ಕಾಕಾ?’ ಎಂದು ಎಂದಿನಂತೆ ಕೇಳಿದಳು. ಅವನು ಅರ್ಧಕ್ಕೇ ಎದ್ದು ಕೈ ತೊಳೆದುಕೊಂಡ.

ಅವನು ವೀರೇಶಪ್ಪನಲ್ಲಿಗೆ ಓಡಿದ. ವೀರೇಶಪ್ಪ ಕೂಡಿಸಿ ಹೇಳಿದ. ಕಾರಿನ ಕ್ಲಚ್ಚು ಆಯಿಲ್‌ನಿಂದ ದೂರ ಒಣಗಿರುತ್ತದೆ. ಈ ಬೈಕಿನ ಕ್ಲಚ್ ಪ್ಲೇಟುಗಳು ಎಂಜಿನ್ ಆಯಿಲ್‌ನಲ್ಲೇ ಮುಳುಗಿರುತ್ತವೆ. ಅವು ಒಂದನ್ನೊಂದು ಒತ್ತಿ ಹಿಡಿದರೆ ಮಾತ್ರ ಗಾಲಿ ತಿರುಗುತ್ತದೆ. ಹಿಡಿಯಬೇಕಾದಲ್ಲಿ ಜಾರಿದರೆ ಎಂಜಿನ್ ಒದರುತ್ತದೆ, ಗಾಡಿ ನಿಲ್ಲುತ್ತದೆ.

‘ನಿಮ್ಮ ರೇಷ್ಮಿ ಎಲ್ಲಾನೂ ಜಾರಸೇತಿ ಅಣ್ಣಾರ. ಕಂಪನಿಯವ್ರಿಗೆ ಗೊತ್ತಾದ್ರ ವಾರಂಟಿಗೆ ತಕರಾರು ಮಾಡತಾರ. ಈ ಆಯಿಲ್ ಒಯ್ದು ಅಕಿ ಇಲ್ಲದಾಗ ಸುಮ್ನ ಬದಲಿ ಮಾಡಿಬಿಡ್ರಿ. ಯಾರಿಗೂ ಗೊತ್ತಾಗೂದಿಲ್ಲ.’

ವಿಠೋಬಣ್ಣ ಸಾದಾ ಡಬ್ಬಿ ಹಿಡಿದು ಮನೆಗೆ ಬಂದ. ಮನೆಯಲ್ಲಿ ವೈಜಯಂತಿ ಇರಲಿಲ್ಲ. ನಟ್ಟು ಬಿಚ್ಚುವ ಪಾನಾ ಹಿಡಿದು ಬೈಕಿನ ಪಕ್ಕ ಕುಳಿತ. ತಾಸಿನ ಕೆಲಸ. ಬದಲಾಯಿಸಿಬಿಟ್ಟರೆ ಗಾಡಿ ಮತ್ತೆ ಓಡುತ್ತದೆ. ಅವಳು ‘ಚಲೋ ಆತ್ರಿ ಕಾಕಾ’ ಎನ್ನುತ್ತಾಳೆ. ಎಲ್ಲ ಮೊದಲಿನಂತೆ ನಯವಾಗುತ್ತದೆ.

ಮೊದಲಿನಂತೆ ಎಂದುಕೊಂಡ ಕೂಡಲೇ ಅವನ ಕೈ ನಿಂತಿತು. ಆ ಮೊದಲಿನದಕ್ಕೆ ಹೆದರಿಯೇ ಅಲ್ಲವೇ ಇಷ್ಟೆಲ್ಲ ಮಾಡಿದ್ದು? ಪಾನಾ ಕೆಳಗಿಟ್ಟು, ಅವಳು ಬರುವ ದಾರಿ ಕಾಯುತ್ತ ಅಲ್ಲೇ ಕುಳಿತ.

ಅವಳು ಬಂದಳು. ಅವನು ಎದ್ದು ನಿಂತ.

‘ವೈಜಯಂತಿ, ನಾ ಕಾರಿನ ಆಯಿಲ್ ಹಾಕೀನಿ. ಅದಕ್ಕ ಗಾಡಿ ಕೆಟ್ಟೈತಿ. ತಪ್ಪು ನಂದು.’

ಅವಳು ತಲೆ ತಗ್ಗಿಸಿ, ‘ಗೊತ್ತೈತ್ರಿ ಕಾಕಾ’ ಎಂದಳು.

‘ಗೊತ್ತೈತಿ? ಯಾವಾಗಿಂದ?’

‘ಅವತ್ತ... ಹಿತ್ತಲದಾಗ ಖಾಲಿ ಡಬ್ಬಿ ಬಿದ್ದಿತ್ತು.’

‘ಗೊತ್ತಿದ್ದೂ ಅದನ್ನ ಹತ್ತಿ ಗುಡ್ಡಕ್ಕ ಹೋದೇನು?’

‘ನೀವು ಅಷ್ಟ್ ಪ್ರೀತೀಲೆ ಹಾಕಿದ್ರಿ. ಹೆಂಗ ಹೇಳೂದು ಅಂತ...’

ವಿಠೋಬಣ್ಣನಿಗೆ ಎಲ್ಲಿತ್ತೋ ಸಿಟ್ಟು, ಉಕ್ಕಿ ಬಂತು.

‘ಏರಿನ್ಯಾಗ ಗಾಡಿ ಹಿಂದ ಸರದು ಬಿದ್ದಿದ್ರ ಯಾರಿಗೆ ಹೇಳತಿದ್ದಿ? ಹೆಂಗ ಹೇಳೂದಂತ! ಬಾಯಿಲ್ಲೇನ್ ನಿನಗ? ಅಂಗಿ ತೋಳ ಬಿಗಿ ಆಗೇತಿ ಅಂತ ವರ್ಷ ಪೂರ್ತಿ ಹೇಳಲಿಲ್ಲ. ರಟ್ಟಿ ಮ್ಯಾಲ ಬರಿ ಬಿದ್ದಿದ್ವು. ನಾ ಏನ್ ಹುಲಿ ಇದ್ದೇನೇನ್, ಹೇಳಿದ್ರ ತಿಂತಿದ್ದೆ?’

ಅವಳು ತಲೆ ಎತ್ತಿದಳು. ಕಣ್ಣು ತುಂಬಿದ್ದವು. ದನಿ ಮಾತ್ರ ಗಟ್ಟಿಯಾಗಿತ್ತು.

‘ನೀವರ ಒಂದ ಮಾತ ಕೇಳಿದ್ರೇನ್ ಕಾಕಾ? ಊರಿಗೆಲ್ಲಾ ಕೇಳ್ಕೊಂತ ತಿರಗಿದ್ರಂತಲ್ಲಾ, ನನ್ನ ಕೇಳಿದ್ರೇನು? ಯಾವ ಗಾಡಿಗೆ ಯಾವ ಆಯಿಲ್ ಅಂತ ಅಪ್ಪಾ ನನಗ ಸಣ್ಣಾಕಿ ಇದ್ದಾಗ ಹೇಳಿ ಕೊಟ್ಟಾನ. ಅದನ್ನ ನಾ ನನ್ನ ಕೈಲೆ ಹಾಕಬೇಕಂತ ಮಾಡಿದ್ದೆ. ಭಾನುವಾರಕ್ಕ ದಾರಿ ನೋಡ್ಕೊಂತ ಕುಂತಿದ್ದೆ. ನೀವು ಬಂದು ಮುಗಿಸಿಬಿಟ್ರಿ!’

ಕಮಲಾಬಾಯಿ ರೊಟ್ಟಿ ಹಿಟ್ಟಿನ ಕೈಯಲ್ಲೇ ಹೊರಗೆ ಓಡಿ ಬಂದಳು. ಮನೆಗೆ ಬೆಂಕಿ ಬಿತ್ತೆಂದೇ ತಿಳಿದಿದ್ದಳು. ಆ ಮನೆಯಲ್ಲಿ ಅಷ್ಟು ದೊಡ್ಡ ದನಿ ಎಂದೂ ಎದ್ದಿರಲಿಲ್ಲ. ನೋಡಿದರೆ ಗಂಡ ಮಗಳು ಇಬ್ಬರೂ ಬೈಕಿನ ಆಚೆಗೊಬ್ಬರು ಈಚೆಗೊಬ್ಬರು ನಿಂತು ಅಳುತ್ತಿದ್ದರು. ಅವಳು ಮೆಲ್ಲಗೆ ಒಳಗೆ ಹೋದಳು.

ಮರುದಿನ ಇಬ್ಬರೂ ಬೈಕನ್ನು ಟೆಂಪೋದಲ್ಲಿ ಹಾಕಿಸಿಕೊಂಡು ಕಂಪನಿಯ ಸರ್ವಿಸ್ ಸೆಂಟರಿಗೆ ಹೋಗಿ ನಡೆದುದನ್ನು ನಡೆದ ಹಾಗೆ ಹೇಳಿದರು. ಅಲ್ಲಿಯವರು ತೆರೆದು ನೋಡಿದರು. ಓಡಿಸುವುದನ್ನು ಬೇಗ ನಿಲ್ಲಿಸಿದ್ದರಿಂದ ಪ್ಲೇಟುಗಳು ಸುಟ್ಟಿರಲಿಲ್ಲ. ಆ ಆಯಿಲ್ ತೆಗೆದು ಸರಿಯಾದದ್ದು ಹಾಕಿದರೆ ಗಾಡಿ ಓಡುತ್ತದೆ, ಎಂಜಿನ್ನಿನ ವಾರಂಟಿಯೂ ಇರುತ್ತದೆ, ಆದರೆ ಕ್ಲಚ್ಚಿಗೆ ಮುಂದೆ ಏನಾದರೂ ಆದರೆ ಕಂಪನಿ ಕೊಡುವುದಿಲ್ಲ ಎಂದರು. ವಿಠೋಬಣ್ಣ ಮುಖ ಸಣ್ಣದು ಮಾಡಿಕೊಂಡ. ‘ಹೋಗ್ಲಿ ಬಿಡ್ರಿ ಕಾಕಾ, ಆಯಿಲ್ ನಾವ ಮನ್ಯಾಗ ಹಾಕೂಣು’ ಎಂದು ವೈಜಯಂತಿ ಅವನನ್ನು ಎಬ್ಬಿಸಿಕೊಂಡು ಬಂದಳು.

ವೀರೇಶಪ್ಪನ ಅಂಗಡಿಗೆ ಈ ಸಲ ಇಬ್ಬರೂ ಹೋದರು. ವಿಠೋಬಣ್ಣ ಅಲ್ಲಿ ನಿಂತು, ‘ಯಾವುದು ಬೇಕವ್ವಾ?’ ಎಂದು ಕೇಳಿದ. ಅಷ್ಟು ವರ್ಷಗಳಲ್ಲಿ ಅವನು ಅವಳನ್ನು ಹೀಗೆ ಕೇಳಿದ್ದು ಅದೇ ಮೊದಲು. ಅವಳು ತೋರಿಸಿದಳು. ಅವನು ಎತ್ತಿಕೊಂಡ. ಫಿಲ್ಟರನ್ನೂ ಹೊಸದೇ ಕೊಂಡರು.

ಭಾನುವಾರ ಬೆಳಿಗ್ಗೆ ಅಂಗಳದಲ್ಲಿ ಬಿಸಿಲು ಬಿದ್ದಿತ್ತು. ವಿಠೋಬಣ್ಣ ದೂರ ಕಟ್ಟೆಯ ಮೇಲೆ ಕುಳಿತಿದ್ದ. ಇದು ಅವಳ ಮತ್ತು ಅವಳಪ್ಪನ ಹೊತ್ತು, ನಾನು ನಡುವೆ ಹೋಗಬಾರದು ಎಂದುಕೊಂಡಿದ್ದ. ವೈಜಯಂತಿ ಹಳೆಯ ಆಯಿಲ್ ಇಳಿಸಿದಳು, ಫಿಲ್ಟರ್ ಕೂಡಿಸಿದಳು. ಆಮೇಲೆ ಎದ್ದು ಹಿತ್ತಲಿಗೆ ಹೋಗಿ ಗೋಡೆಯ ಮೇಲಿನ ಲಾಳಿಕೆ ತೆಗೆದು, ಸೆರಗಿನಿಂದ ಒರೆಸಿಕೊಂಡು ಬಂದಳು. ನೆಟ್ಟಗೆ ಕಟ್ಟೆಯ ಬಳಿಗೆ ಬಂದು ಅದನ್ನು ಅವನ ಕೈಯಲ್ಲಿಟ್ಟಳು.

‘ಬರ್ರಿ ಕಾಕಾ. ಹಿಡೀರಿ. ಒಬ್ಬಾಕಿಗೆ ಆಗೂದಿಲ್ಲ.’

ಎಂದೂ ಏನನ್ನೂ ಕೇಳದವಳು ಕೇಳಿದ್ದಳು. ವಿಠೋಬಣ್ಣ ಹೋಗಿ ಮೊಣಕಾಲೂರಿ ಕುಳಿತು, ಎರಡೂ ಕೈಯಲ್ಲಿ ಲಾಳಿಕೆ ಹಿಡಿದ. ಅವಳು ಡಬ್ಬಿ ಬಗ್ಗಿಸಿ ಸುರಿಯತೊಡಗಿದಳು. ಕೂದಲೆಳೆಯಂಥ ದಾರವನ್ನು ಕತ್ತಲಲ್ಲೂ ಪೋಣಿಸಬಲ್ಲ ಅವನು ಈಗ ಕೈಯನ್ನು ಮರೆತು ಅವಳ ಮುಖವನ್ನೇ ನೋಡುತ್ತ ಕುಳಿತ. ಲಾಳಿಕೆ ವಾಲಿ ಆಯಿಲ್ ಎಂಜಿನ್ನಿನ ಮೇಲೆಲ್ಲ ಚೆಲ್ಲಿತು.

‘ಅಯ್ಯ ಕಾಕಾ! ನೆಟ್ಟಗ ಹಿಡೀರಿ ಅಂದ್ರ! ಎಲ್ಲಾ ಚೆಲ್ಲಿದ್ರಿ ನೋಡ್ರಿ! ಆರು ವರ್ಷದ ಹುಡುಗಿ ಇದ್ದಾಗ ನಾ ಇದಕ್ಕಿಂತ ಚಂದ ಹಿಡೀತಿದ್ದೆ! ಎಷ್ಟರ ಸಲ ಹೇಳೂದು ನಿಮಗ?’

ದನಿ ಓಣಿಯವರೆಗೂ ಕೇಳಿತು. ಸಂತೆಗೆ ಹೊರಟಿದ್ದ ಹುಸೇನಸಾಬ ಬಾಗಿಲಲ್ಲಿ ಇಣುಕಿ, ‘ಏನ್ ವಿಠೋಬಣ್ಣಾ, ಯಾರದಪಾ ಜಗಳಾ?’ ಎಂದು ಕೇಳಿದ.

ವಿಠೋಬಣ್ಣನ ಮೊಣಕೈವರೆಗೂ ಆಯಿಲ್ ಸುರಿಯುತ್ತಿತ್ತು. ಕಣ್ಣಿನಿಂದಲೂ ನೀರು ಇಳಿಯುತ್ತಿತ್ತು. ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ, ಲಾಳಿಕೆ ಹಿಡಿಯಬೇಕಿತ್ತು. ಅವನು ಹಲ್ಲು ಕಿರಿದು ಹೇಳಿದ:

‘ಜಗಳ ಅಲ್ಲೋ ಹುಸೇನಾ. ಮಗಳು ಬೈಯಾಕತ್ತಾಳ.’

ನೀತಿ: ಜೊತೆಗಿರುವವರ ನಡುವೆ ಬರೀ ನಯವಿದ್ದರೆ ಸಾಲದು, ಹಿಡಿತವೂ ಬೇಕು. ನೋಯಿಸಬಾರದೆಂದು ಬಾಯಿ ಮುಚ್ಚಿಕೊಂಡವರೂ, ಕೇಳದೆಯೇ ದುಬಾರಿಯದನ್ನು ತಂದು ಸುರಿಯುವವರೂ ಪ್ರೀತಿಯನ್ನು ಜಾರಿಸುತ್ತಾರೆ. ನಿನಗೇನು ಬೇಕೆಂದು ಕೇಳಿ. ಇದು ಬೇಡವೆಂದು ಹೇಳಿ. ಸಲಿಗೆಯ ಒಂದು ಬೈಗುಳ ಎಷ್ಟೋ ವರ್ಷಗಳ ಒಳ್ಳೆಯ ಮಾತಿಗಿಂತ ಮನೆಯನ್ನು ಮುಂದೆ ಒಯ್ಯುತ್ತದೆ.